ಮುಳುಗಿದ ದೋಣಿ ಯಾವ ದಂಡೆಯಿಂದ ಹೊರಟಿತ್ತು?

ಮಾನ್ಯ ಸಂಪಾದಕರೇ,

ಏಡನ್ ಕೊಲ್ಲಿಯಲ್ಲೋ ಜಿಬೂಟಿಯ ಕರಾವಳಿಯಲ್ಲೋ ದೋಣಿ ಮುಳುಗಿ ವಲಸಿಗರು ಸತ್ತ ಸುದ್ದಿ ತಮ್ಮ ಪತ್ರಿಕೆಯ ವಿದೇಶ ಪುಟದಲ್ಲಿ ಆಗಾಗ ಬರುತ್ತಿರುತ್ತದೆ. ಹೆಚ್ಚೆಂದರೆ ಎಂಟು ಹತ್ತು ಸಾಲು. ಸತ್ತವರೆಷ್ಟು, ಕಾಣೆಯಾದವರೆಷ್ಟು ಎಂಬ ಲೆಕ್ಕ. ‘ಉತ್ತಮ ಬದುಕನ್ನು ಅರಸಿ ಕೊಲ್ಲಿ ರಾಷ್ಟ್ರಗಳತ್ತ ಹೊರಟಿದ್ದ ಅಕ್ರಮ ವಲಸಿಗರು’ ಎಂಬ ಒಂದು ಸಿದ್ಧ ವಾಕ್ಯ. ಕೊನೆಗೆ, ಮಾನವ ಕಳ್ಳಸಾಗಣೆ ಜಾಲದ ಕೈವಾಡ ಶಂಕಿಸಲಾಗಿದೆ ಎಂಬ ಮತ್ತೊಂದು. ಸ್ಥಳದ ಅಭಾವವನ್ನು ನಾನು ಬಲ್ಲೆ, ಅದಕ್ಕಾಗಿ ದೂರುತ್ತಿಲ್ಲ. ಆದರೆ ಈ ಸಿದ್ಧ ವಾಕ್ಯಗಳು ಎಷ್ಟೋ ಸಲ ನಿಜಕ್ಕೆ ನೇರ ವಿರುದ್ಧವಾಗಿರುತ್ತವೆ, ಮತ್ತು ಆ ತಪ್ಪಿನಿಂದಾಗಿ ಇಥಿಯೋಪಿಯಾ, ಎರಿಟ್ರಿಯಾ, ಜಿಬೂಟಿ, ಸೊಮಾಲಿಯಾಗಳಿರುವ, ಆಫ್ರಿಕಾದ ಕೊಂಬು ಎನ್ನುವ ಆ ಪ್ರದೇಶದಲ್ಲಿ ನಡೆಯುತ್ತಿರುವುದು ಏನೆಂಬುದೇ ಓದುಗನಿಗೆ ತಿಳಿಯದೆ ಹೋಗುತ್ತದೆ ಎಂಬುದು ನನ್ನ ತಕರಾರು.

2024ರ ಏಪ್ರಿಲ್ ತಿಂಗಳನ್ನೇ ತೆಗೆದುಕೊಳ್ಳಿ. ಎರಡು ವಾರಗಳ ಅಂತರದಲ್ಲಿ ಜಿಬೂಟಿಯ ಉತ್ತರ ಕರಾವಳಿಯಲ್ಲಿ ಎರಡು ದೋಣಿಗಳು ಮುಳುಗಿ, ಎರಡೂ ಸೇರಿ 50ಕ್ಕಿಂತ ಹೆಚ್ಚು ಜನ ಸತ್ತರು. ಅದೇ ವರ್ಷದ ಅಕ್ಟೋಬರ್ 1ರಂದು ಮತ್ತೆ ಎರಡು ದೋಣಿಗಳು, ಅವುಗಳಲ್ಲಿ 310 ಮಂದಿ; ತೀರ ಇನ್ನೂ ದೂರವಿದ್ದಾಗಲೇ ದೋಣಿಯವರು ಎಲ್ಲರನ್ನೂ ನೀರಿಗೆ ಹಾರುವಂತೆ ಬಲವಂತ ಮಾಡಿದರು, 45 ಮಂದಿ ಸತ್ತರೆಂದು ಅಂತರರಾಷ್ಟ್ರೀಯ ವಲಸೆ ಸಂಸ್ಥೆ ತಿಳಿಸಿತು. ಈ ದೋಣಿಗಳೆಲ್ಲ ಹೊರಟಿದ್ದು, ಕೊಲ್ಲಿ ರಾಷ್ಟ್ರಗಳಿಗೆ ಹೋಗುವವರು ಮೊದಲು ಇಳಿಯುವ ಎದುರು ದಂಡೆಯ ಯೆಮೆನ್‌ನಿಂದ. ಅಂದರೆ ಅವುಗಳಲ್ಲಿದ್ದವರು ಕೊಲ್ಲಿ ರಾಷ್ಟ್ರಗಳತ್ತ ಹೋಗುತ್ತಿರಲಿಲ್ಲ, ಊರಿಗೆ ಮರಳುತ್ತಿದ್ದರು. ಹೋಗುವಾಗ ಹಣ ತೆತ್ತ ಅದೇ ದಂಧೆಯವರಿಗೆ, ಯುದ್ಧದ ನೆಲದಲ್ಲಿ ಸಿಕ್ಕಿಬಿದ್ದು, ಸೌದಿ ಗಡಿ ದಾಟಲಾಗದೆ, ಹಿಂದಿರುಗಲು ಮತ್ತೊಮ್ಮೆ ಹಣ ತೆತ್ತು ದೋಣಿ ಹತ್ತಿದವರು. 2021ರ ಏಪ್ರಿಲ್‌ನಲ್ಲಿ ಇದೇ ಕರಾವಳಿಯಲ್ಲಿ ಮುಳುಗಿದ ಮತ್ತೊಂದು ದೋಣಿಯ ಕಥೆಯೂ ಇದೇ. ಉತ್ತಮ ಬದುಕನ್ನು ಅರಸಿ ಹೊರಟವರು ಎಂದು ಇವರ ಬಗ್ಗೆ ಬರೆದರೆ, ಸೋತು ಮನೆಯತ್ತ ತಿರುಗಿದವನನ್ನು ಅವನು ಸತ್ತ ಮೇಲೂ ಹೊರಗೇ ಅಟ್ಟಿದಂತಾಗುತ್ತದೆ.

ಈ ಪಯಣ ಸಮುದ್ರದಲ್ಲಿ ಶುರುವಾಗುವುದೂ ಅಲ್ಲ. ಇಥಿಯೋಪಿಯಾದ ವೊಲ್ಲೊ, ಅರ್ಸಿ, ಜಿಮ್ಮಾ, ಟಿಗ್ರೆ ಕಡೆಯ ಹಳ್ಳಿಗಳಿಂದ ಹೊರಟವರು ಲಾರಿಯಲ್ಲಿ ಸ್ವಲ್ಪ, ಕಾಲ್ನಡಿಗೆಯಲ್ಲಿ ಬಹಳ ಎಂಬಂತೆ ಜಿಬೂಟಿಯ ಗಡಿಗೆ ಬರುತ್ತಾರೆ. ಅಲ್ಲಿಂದ ಮುಂದೆ ಕಪ್ಪು ಜ್ವಾಲಾಮುಖಿ ಕಲ್ಲಿನ ಬಯಲು. ಸಮುದ್ರಮಟ್ಟಕ್ಕಿಂತ 155 ಮೀಟರ್ ತಗ್ಗಿನಲ್ಲಿರುವ ಅಸ್ಸಾಲ್ ಎಂಬ ಉಪ್ಪಿನ ಸರೋವರದ ಪಕ್ಕದಲ್ಲೇ ದಾರಿ ಹಾದುಹೋಗುತ್ತದೆ. ಕಣ್ಣ ಮುಂದೆ ಅಷ್ಟೊಂದು ನೀರಿದ್ದರೂ ಒಂದು ಗುಟುಕು ಕುಡಿಯುವಂತಿಲ್ಲ. ಬೇಸಿಗೆಯಲ್ಲಿ ಅಲ್ಲಿ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ದಾಟುವುದು ದಿನನಿತ್ಯದ ಮಾತಾದ್ದರಿಂದ ನಡೆಯುವುದು ರಾತ್ರಿಯ ಹೊತ್ತು, ಹಗಲಲ್ಲಿ ಯಾವುದಾದರೂ ಬಂಡೆಯ ನೆರಳು. ಕೈಯಲ್ಲಿ ಎಣ್ಣೆ ತುಂಬಿ ಬಂದಿದ್ದ ಹಳದಿ ಪ್ಲಾಸ್ಟಿಕ್ ಕ್ಯಾನ್, ಅದರಲ್ಲಿ ನೀರು. ಕಾಲಿಗೆ ಪ್ಲಾಸ್ಟಿಕ್ ಚಪ್ಪಲಿ. ಓಬೊಕ್ ಎಂಬ ಬಂದರು ಪಟ್ಟಣ ತಲುಪುವ ಮೊದಲೇ ಬಾಯಾರಿ ಬಿದ್ದವರನ್ನು ದಾರಿಯ ಪಕ್ಕದಲ್ಲೇ ಮಣ್ಣು ಮಾಡಿ ಮೇಲೆ ಕಲ್ಲು ಪೇರಿಸಿರುತ್ತಾರೆ. ಓಬೊಕ್‌ನ ಹೊರಗೆ, ಜಾಲಿಯ ಜಾತಿಯ ಗಿಡಗಳ ಕೆಳಗೆ, ದೋಣಿಯ ಕರೆಗಾಗಿ ದಿನಗಟ್ಟಲೆ ಕಾಯಬೇಕು. ಅದೇ ಊರಿನಲ್ಲಿ ವಲಸೆ ಸಂಸ್ಥೆ ನಡೆಸುವ ನೆರವಿನ ಕೇಂದ್ರವೊಂದಿದೆ. ಯೆಮೆನ್‌ನಿಂದ ಹೈರಾಣಾಗಿ ಮರಳಿ ಬಂದವರು ಅಲ್ಲಿ ಊರಿನ ದಾರಿಗಾಗಿ ಕಾಯುತ್ತಾರೆ. ಹೋಗುವವರು, ಬಂದವರು ಒಂದೇ ಊರಿನಲ್ಲಿ ಎದುರುಬದುರಾಗುತ್ತಾರೆ. ಆದರೂ ಹೋಗುವವರು ಹೋಗುತ್ತಾರೆ.

ಬಾಬ್ ಎಲ್ ಮಂದೆಬ್ ಜಲಸಂಧಿ ಅದರ ಕಿರಿದಾದ ಭಾಗದಲ್ಲಿ ಸುಮಾರು 30 ಕಿಲೋಮೀಟರ್ ಅಗಲ. ಅರಬ್ಬಿಯಲ್ಲಿ ಆ ಹೆಸರಿಗೆ ‘ದುಃಖದ ಬಾಗಿಲು’ ಎಂಬ ಅರ್ಥವಿದೆ. ಸೊಮಾಲಿಯಾದ ಬೊಸಾಸೊ ಬಂದರಿನಿಂದ ಹೊರಟರೆ ಏಡನ್ ಕೊಲ್ಲಿಯನ್ನು ಅಡ್ಡಲಾಗಿ ಹಾಯಬೇಕಾಗುವುದರಿಂದ ಪಯಣ ಇನ್ನೂ ಉದ್ದ, ಇನ್ನೂ ಅಪಾಯದ್ದು. 2024ರ ಜೂನ್‌ನಲ್ಲಿ ಬೊಸಾಸೊ ಬಿಟ್ಟು ಹೊರಟ ದೋಣಿಯೊಂದರಲ್ಲಿ 260 ಮಂದಿಯಿದ್ದರು, ಇಥಿಯೋಪಿಯಾದವರು ಮತ್ತು ಸೊಮಾಲಿಗಳು. ಯೆಮೆನ್‌ನ ದಕ್ಷಿಣ ತೀರದ ಬಳಿ ಅದು ಮಗುಚಿದಾಗ ಮೊದಲ ಎಣಿಕೆಯಲ್ಲೇ 49 ಶವ, 140 ಮಂದಿ ನಾಪತ್ತೆ. ಅದು ಮಗುಚಿದ ದೋಣಿ. ಆದರೆ ಎಲ್ಲ ಸಾವುಗಳೂ ಹಾಗೆ ಆದವಲ್ಲ, ಮತ್ತು ಇಲ್ಲಿಯೇ ‘ದೋಣಿ ದುರಂತ’ ಎಂಬ ನಮ್ಮ ತಲೆಬರಹ ಮೋಸ ಮಾಡುವುದು. 2017ರ ಆಗಸ್ಟ್‌ನಲ್ಲಿ ಯೆಮೆನ್‌ನ ಶಬ್ವಾ ಕರಾವಳಿ ಕಣ್ಣಿಗೆ ಬೀಳುತ್ತಿದ್ದಂತೆಯೇ, ದಡದಲ್ಲಿ ಕಾವಲಿನವರಂತೆ ಕಂಡ ಯಾರನ್ನೋ ನೋಡಿ, ದೋಣಿಯವನು ನೂರಕ್ಕೂ ಹೆಚ್ಚು ಜನರನ್ನು ಸಮುದ್ರಕ್ಕೆ ನೂಕಿದ; ಅವರಲ್ಲಿ ಬಹುತೇಕರು ಎಳೆಯ ಪ್ರಾಯದವರು, ಸುಮಾರು 50 ಮಂದಿ ಮುಳುಗಿ ಸತ್ತರು. ಮರುದಿನವೇ ಇನ್ನೊಂದು ದೋಣಿಯಿಂದ ಮತ್ತೆ 180 ಮಂದಿಯನ್ನು ಹಾಗೆಯೇ ನೀರಿಗೆ ಇಳಿಸಲಾಯಿತು. 2021ರ ಮಾರ್ಚ್‌ನಲ್ಲಿ ಜಿಬೂಟಿ ಬಿಟ್ಟ ದೋಣಿಯೊಂದು ಭಾರ ಹೆಚ್ಚಾಯಿತೆಂದು ಸುಮಾರು 80 ಮಂದಿಯನ್ನು ನಡುನೀರಿನಲ್ಲಿ ಎಸೆಯಿತು. ಕನಿಷ್ಠ 20 ಮಂದಿ ಸತ್ತರು. ಇದರ ಹಿಂದಿರುವುದು ಬರಿಯ ಕ್ರೌರ್ಯವಲ್ಲ, ಲೆಕ್ಕಾಚಾರ. ದೋಣಿ ಸಿಕ್ಕಿಬಿದ್ದರೆ ಬಂಡವಾಳವೇ ಹೋಯಿತು. ಜನ ಹೋದರೆ ಆ ಸಲದ ಸರಕು ಹೋಯಿತು, ಅಷ್ಟೆ. ಇದಕ್ಕೆ ದುರಂತ ಎನ್ನುವುದಕ್ಕಿಂತ ಕೊಲೆ ಎನ್ನುವುದೇ ಸರಿಯಾದ ಮಾತು, ಮತ್ತು ಪತ್ರಿಕೆಯೊಂದು ಹಾಗೆ ಅನ್ನಲು ಹಿಂಜರಿಯಬೇಕಿಲ್ಲ.

ಇನ್ನು ‘ಮಾನವ ಕಳ್ಳಸಾಗಣೆ’ ಎಂಬ ಮಾತು. ಚಿನ್ನವನ್ನು ಕದ್ದು ಸಾಗಿಸುವುದಕ್ಕೂ ನಮ್ಮಲ್ಲಿ ಇದೇ ಪದ. ದುಡ್ಡು ಪಡೆದು ಜನರನ್ನು ಗಡಿ ದಾಟಿಸುವುದಕ್ಕೂ ಇದೇ. ಹೆಣ್ಣುಮಕ್ಕಳನ್ನು ಮೋಸದಿಂದ ಒಯ್ದು ಮಾರುವುದಕ್ಕೂ ಇದೇ. ವಿಶ್ವಸಂಸ್ಥೆ 2000ನೇ ಇಸವಿಯಲ್ಲಿ ಸಂಘಟಿತ ಅಪರಾಧದ ವಿರುದ್ಧದ ಪಾಲೆರ್ಮೊ ಒಪ್ಪಂದದ ಜೊತೆಗೆ ಎರಡು ಬೇರೆ ಬೇರೆ ಪ್ರೋಟೋಕಾಲ್‌ಗಳನ್ನು, ಎಂದರೆ ಪೂರಕ ಒಪ್ಪಂದಗಳನ್ನು, ರೂಪಿಸಿದ್ದು ಇವು ಬೇರೆಬೇರೆ ಅಪರಾಧಗಳೆಂಬ ಕಾರಣಕ್ಕೇ. ಒಂದರಲ್ಲಿ ಮನುಷ್ಯ ತಾನಾಗಿ ಒಪ್ಪಿ, ಹಣ ಕೊಟ್ಟು, ಅನುಮತಿಯಿಲ್ಲದೆ ಗಡಿ ದಾಟುತ್ತಾನೆ. ಅಪರಾಧ ನಡೆಯುವುದು ಆ ದೇಶದ ಕಾನೂನಿನ ವಿರುದ್ಧ, ಮತ್ತು ದಾಟಿಸಿದವನನ್ನು ಶಿಕ್ಷಿಸಬೇಕೇ ಹೊರತು ಹೀಗೆ ದಾಟಿಸಿಕೊಂಡ ಕಾರಣಕ್ಕೆ ವಲಸಿಗನ ಮೇಲೆ ಮೊಕದ್ದಮೆ ಹೂಡುವಂತಿಲ್ಲವೆಂದು ಆ ಪ್ರೋಟೋಕಾಲ್ ಹೇಳುತ್ತದೆ. ಇನ್ನೊಂದರಲ್ಲಿ ಬಲವಂತದಿಂದಲೋ ವಂಚನೆಯಿಂದಲೋ ಮನುಷ್ಯನನ್ನು ವಶಮಾಡಿಕೊಂಡು ದುಡಿಸಿಕೊಳ್ಳಲಾಗುತ್ತದೆ. ಅಪರಾಧ ನಡೆಯುವುದು ಆ ಮನುಷ್ಯನ ವಿರುದ್ಧವೇ. ಮೊದಲನೆಯದಕ್ಕೆ ‘ಗಡಿ ದಾಟಿಸುವ ದಂಧೆ’ ಎಂತಲೂ ಎರಡನೆಯದಕ್ಕೆ ‘ಮನುಷ್ಯರ ಮಾರಾಟ’ ಎಂತಲೂ ಬರೆದರೆ ಓದುಗನಿಗೆ ಗೊಂದಲವಾಗದು. ಪಂಡಿತರು ಇದಕ್ಕಿಂತ ಒಳ್ಳೆಯ ಪದಗಳನ್ನು ಸೂಚಿಸಿದರೆ ನನಗೆ ಸಂತೋಷವೇ.

ಆದರೆ ಪದವನ್ನು ಬೇರ್ಪಡಿಸಿದ ಕೂಡಲೇ ವಸ್ತುಸ್ಥಿತಿ ಬೇರ್ಪಡುವುದಿಲ್ಲ ಎಂಬುದನ್ನೂ ಒಪ್ಪಬೇಕು. ಕೊಂಬಿನ ದಾರಿಗಳ ವಿಶೇಷವೆಂದರೆ ಮೊದಲನೆಯ ಅಪರಾಧವಾಗಿ ಆರಂಭವಾದದ್ದು ನಡುದಾರಿಯಲ್ಲಿ ಎರಡನೆಯದಾಗಿ ಮಾರ್ಪಡುವುದು. ಇಥಿಯೋಪಿಯಾದ ಹಳ್ಳಿಗಳಲ್ಲಿ ಈ ಪಯಣ ಕುದುರಿಸುವವನನ್ನು ಅಮ್ಹಾರಿಕ್ ಭಾಷೆಯಲ್ಲಿ ‘ದೆಲಾಲಾ’ ಎನ್ನುತ್ತಾರೆ. ನಮ್ಮ ‘ದಲ್ಲಾಳಿ’ ಮತ್ತು ಆ ‘ದೆಲಾಲಾ’ ಒಂದೇ ಅರಬ್ಬಿ ಮೂಲದ ಪದಗಳು. ಅವನು ಮುಸುಕು ಹಾಕಿಕೊಂಡ ಖಳನಲ್ಲ. ಎಷ್ಟೋ ಸಲ ಅದೇ ಊರಿನವನು, ತಾನೇ ಹಿಂದೊಮ್ಮೆ ಸೌದಿಗೆ ಹೋಗಿ ಬಂದವನು, ಮದುವೆ ಮುಂಜಿಗಳಲ್ಲಿ ಕಾಣಿಸಿಕೊಳ್ಳುವವನು. ಸೊಮಾಲಿಯಾದಿಂದ ಬೇರೆಯೆಂದು ಘೋಷಿಸಿಕೊಂಡ ಸೊಮಾಲಿಲ್ಯಾಂಡ್‌ನ ಯುವಕರಿಗಂತೂ ‘ಈಗ ಹೋಗು, ದುಡ್ಡು ಆಮೇಲೆ ಕೊಡು’ ಎಂಬ ಆಮಿಷ. ಮನೆಯವರಿಗೆ ಹೇಳದೆ ರಾತ್ರೋರಾತ್ರಿ ಹೊರಡುವ ಈ ಪಯಣಕ್ಕೆ ಅಲ್ಲಿ ‘ತಹ್ರೀಬ್’ ಎಂದು ಹೆಸರು. ಹೊರಡುವಾಗ ಒಂದು ಕಾಸೂ ಕೇಳದ ದಲ್ಲಾಳಿಯ ಕೈಯಿಂದ ಎರಡು ಮೂರು ಕೈ ಬದಲಾಗಿ ಹುಡುಗ ಯುರೋಪಿನ ದಾರಿಯಲ್ಲಿರುವ ಲಿಬಿಯಾ ತಲುಪುವ ಹೊತ್ತಿಗೆ ಅವನ ತಲೆಯ ಮೇಲೆ ಹಲವು ಸಾವಿರ ಡಾಲರ್‌ಗಳ ಸಾಲ. ಆಗ ತಾಯಿಗೆ ಫೋನ್ ಬರುತ್ತದೆ. ಆ ಕಡೆಯಿಂದ ಮೊದಲು ಕೇಳಿಸುವುದು ಮಗನ ಕೂಗು, ಆಮೇಲೆ ಮೊತ್ತ. ಈ ವಸೂಲಿಗಾರನಿಗೆ ಸೊಮಾಲಿಗಳು ಇಟ್ಟಿರುವ ಹೆಸರು ‘ಮಗಫೆ’, ಎಂದರೆ ಯಾರನ್ನೂ ಬಿಡದವನು. ಒಂಟೆ ಮಾರಿ, ಜಮೀನು ಮಾರಿ, ನೆಂಟರಿಷ್ಟರಲ್ಲಿ ಕೈಯೊಡ್ಡಿ ಹಣ ಕಳುಹಿಸಿದ ಮನೆಗಳು ಸೊಮಾಲಿಲ್ಯಾಂಡ್‌ನ ರಾಜಧಾನಿ ಹರ್ಗೇಸಾದಲ್ಲಿ ಎಷ್ಟಿವೆಯೋ. ಯೆಮೆನ್‌ನ ಲಹಜ್ ಪ್ರಾಂತ್ಯದ ರಾಸ್ ಅಲ್ ಆರಾ ಕರಾವಳಿಯಲ್ಲೂ ಇದೇ ವ್ಯವಹಾರ. ಅಲ್ಲಿ ದೋಣಿಯಿಂದ ಇಳಿದವರನ್ನು ಗೋಡೆ ಕಟ್ಟಿದ ಹಿತ್ತಲುಗಳೊಳಗೆ ಕೂಡಿಹಾಕಿ, ಊರಿನಿಂದ ಹಣ ಬರುವವರೆಗೆ ಹೊಡೆಯುತ್ತಾರೆ, ಸುಡುತ್ತಾರೆ, ಹೆಂಗಸರ ಮೇಲೆ ಅತ್ಯಾಚಾರ ನಡೆಸುತ್ತಾರೆ. ದಾಟಿಸುವ ಕೂಲಿಗಿಂತ ಒತ್ತೆಹಣದಲ್ಲೇ ಲಾಭ ಹೆಚ್ಚು ಎಂದು ಕಂಡುಕೊಂಡ ಮೇಲೆ ದಂಧೆ ಯಾವ ಕಡೆ ವಾಲುತ್ತದೆಂದು ಬಿಡಿಸಿ ಹೇಳಬೇಕಿಲ್ಲ.

ನಮ್ಮ ಪತ್ರಿಕೆಗಳು ಈ ವಿಷಯವನ್ನು ಬಹುಮಟ್ಟಿಗೆ ಯುರೋಪಿನ ಸುದ್ದಿಸಂಸ್ಥೆಗಳ ಕಣ್ಣಿನಿಂದ ನೋಡುತ್ತವೆ ಎಂಬುದು ನನ್ನ ಇನ್ನೊಂದು ಅನುಮಾನ. 2013ರ ಅಕ್ಟೋಬರ್ 3ರಂದು ಇಟಲಿಯ ಲ್ಯಾಂಪೆಡೂಸಾ ದ್ವೀಪದ ಬಳಿ 360ಕ್ಕೂ ಹೆಚ್ಚು ಜನ, ಬಹುತೇಕ ಎರಿಟ್ರಿಯಾದವರು, ಮುಳುಗಿದಾಗ ಜಗತ್ತೇ ಮರುಗಿತು, ಮರುಗಬೇಕಾದದ್ದೇ. ಆದರೆ 2019ರಲ್ಲಿ ಮೆಡಿಟರೇನಿಯನ್ ದಾಟಿ ಯುರೋಪ್ ಸೇರಿದವರು ಸುಮಾರು 1,10,000 ಮಂದಿಯಾದರೆ, ಅದೇ ವರ್ಷ ಏಡನ್ ಕೊಲ್ಲಿ ದಾಟಿ ಯುದ್ಧಪೀಡಿತ ಯೆಮೆನ್‌ಗೆ ಬಂದವರು 1,38,000ಕ್ಕೂ ಹೆಚ್ಚು. ಕೋವಿಡ್ ಬಂದ 2020ರಲ್ಲಿ ಈ ಸಂಖ್ಯೆ 37,500ರ ಆಸುಪಾಸಿಗೆ ಇಳಿಯಿತು, ಗಡಿಗಳು ತೆರೆದ ಮೇಲೆ ಮತ್ತೆ ಏರಿತು. ಜಗತ್ತಿನ ಅತ್ಯಂತ ದಟ್ಟ ಕಡಲ ವಲಸೆಯ ದಾರಿಗಳಲ್ಲೊಂದು ಯುರೋಪಿಗೆ ಹೋಗುವುದಿಲ್ಲವೆಂಬ ಒಂದೇ ಕಾರಣಕ್ಕೆ ಎಂಟು ಸಾಲಿನ ಸುದ್ದಿಯಾಗಿಬಿಡುತ್ತದೆ. ದಕ್ಷಿಣಕ್ಕೆ, ಕೀನ್ಯಾ ಮತ್ತು ಮಲಾವಿಗಳನ್ನು ದಾಟಿ ದಕ್ಷಿಣ ಆಫ್ರಿಕಾಕ್ಕೆ ಹೋಗುವ ಮೂರನೆಯ ದಾರಿಯನ್ನಂತೂ ಕೇಳುವವರೇ ಇಲ್ಲ. 2020ರ ಮಾರ್ಚ್‌ನಲ್ಲಿ ಮೊಜಾಂಬಿಕ್‌ನ ಟೆಟೆ ಬಳಿ ಲಾರಿಯ ಕಂಟೇನರ್ ತೆರೆದಾಗ ಉಸಿರುಗಟ್ಟಿ ಸತ್ತಿದ್ದ 64 ಮಂದಿ ಇಥಿಯೋಪಿಯನ್ನರು ಸಿಕ್ಕಿದ್ದರು, ಬದುಕಿದ್ದವರು 14.

ಯುರೋಪಿನ ಕಣ್ಣಿಗೆ ಈ ಸಮಸ್ಯೆ ಒಬ್ಬ ಖಳನಾಯಕನ ರೂಪದಲ್ಲಿ ಕಾಣುತ್ತದೆ. ಅವನನ್ನು ಹಿಡಿದರೆ ದಾರಿ ಮುಚ್ಚುತ್ತದೆ ಎಂಬ ನಂಬಿಕೆ. 2014ರ ನವೆಂಬರ್‌ನಲ್ಲಿ ರೋಮ್‌ನಲ್ಲಿ ಯುರೋಪ್ ಮತ್ತು ಕೊಂಬಿನ ದೇಶಗಳ ನಡುವೆ ಆರಂಭವಾದ ‘ಖಾರ್ಟೂಮ್ ಪ್ರಕ್ರಿಯೆ’ ಎಂಬ ಮಾತುಕತೆ, ಮರುವರ್ಷ ಮಾಲ್ಟಾದ ವಲೆಟ್ಟಾದಲ್ಲಿ ಆಫ್ರಿಕಾಕ್ಕೆಂದು ಘೋಷಿಸಿದ ತುರ್ತು ನಿಧಿ, ಇವೆಲ್ಲದರಲ್ಲಿ ಆ ನಂಬಿಕೆಯ ಪಾಲು ದೊಡ್ಡದು. ಅದರ ಫಲ ಹೇಗಿತ್ತೆನ್ನುವುದಕ್ಕೆ ಒಂದು ಪ್ರಸಂಗ ಸಾಕು. 2016ರ ಜೂನ್‌ನಲ್ಲಿ, ‘ಜನರಲ್’ ಎಂದು ಕುಖ್ಯಾತನಾದ ಮೆಧಾನಿ ಯೆಹ್ದೆಗೊ ಮೆರೆದ್ ಎಂಬ ಎರಿಟ್ರಿಯಾದ ದಂಧೆಕೋರನನ್ನು ಸುಡಾನ್‌ನಲ್ಲಿ ಹಿಡಿದು ತಂದೆವೆಂದು ಇಟಲಿ ಮತ್ತು ಬ್ರಿಟನ್ ಅಧಿಕಾರಿಗಳು ಸಂಭ್ರಮದಿಂದ ಪ್ರಕಟಿಸಿದರು. ವಿಮಾನದಿಂದ ಕೈಕೋಳದೊಂದಿಗೆ ಇಳಿದದ್ದು ಬೇರೊಬ್ಬ ಎರಿಟ್ರಿಯನ್. ಹೆಸರಿನ ಮೊದಲರ್ಧವಷ್ಟೇ ಒಂದೇ ಆಗಿತ್ತು. ಸ್ವತಃ ನಿರಾಶ್ರಿತನಾಗಿದ್ದ ಆ ಬಡಪಾಯಿ ಪಾಲೆರ್ಮೊದ ಸೆರೆಮನೆಯಲ್ಲಿ ಮೂರು ವರ್ಷ ಕೊಳೆತ ಮೇಲೆ 2019ರ ಜುಲೈನಲ್ಲಿ ನ್ಯಾಯಾಲಯ, ಹಿಡಿದದ್ದು ತಪ್ಪು ಮನುಷ್ಯನನ್ನು ಎಂದು ಒಪ್ಪಿ ಬಿಡುಗಡೆ ಮಾಡಿತು. ಇನ್ನೊಬ್ಬ ಕುಖ್ಯಾತ, ಲಿಬಿಯಾದ ಬನಿ ವಲೀದ್‌ನಲ್ಲಿ ನೂರಾರು ಜನರನ್ನು ಕೂಡಿಹಾಕಿ ಹಿಂಸಿಸಿದ ಕಿದಾನೆ ಜೆಕಾರಿಯಾಸ್ ಹಬ್ತೆಮರಿಯಮ್, ಆಡಿಸ್ ಅಬಾಬಾದಲ್ಲಿ ಸಿಕ್ಕಿಬಿದ್ದ ಮೇಲೂ 2021ರಲ್ಲಿ ನ್ಯಾಯಾಲಯದ ಆವರಣದಿಂದಲೇ ನಡೆದು ಹೋದ. ಅವನನ್ನು ಮತ್ತೆ ಹಿಡಿದದ್ದು 2023ರ ಜನವರಿ 1ರಂದು, ಸುಡಾನ್‌ನಲ್ಲಿ. ಬೇಲಿಯೇ ಎದ್ದು ಹೊಲ ಮೇಯುವ ಕಡೆ ಇಂಥದ್ದು ಆಶ್ಚರ್ಯವಲ್ಲ. ಇಂಥವರು ಜೈಲು ಸೇರಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಿದಾನೆ ಒಳಗಿದ್ದಾಗಲೂ ತಪ್ಪಿಸಿಕೊಂಡಾಗಲೂ ಮರಳಿ ಸಿಕ್ಕಾಗಲೂ ದಾರಿ ಮಾತ್ರ ನಡೆದೇ ಇತ್ತು.

ದಾರಿ ನಡೆಯುವುದು ಎರಡೂ ತುದಿಯಲ್ಲಿ ಅದಕ್ಕೆ ಗಿರಾಕಿಗಳಿರುವುದರಿಂದ. ಎರಿಟ್ರಿಯಾದಲ್ಲಿ 18 ತಿಂಗಳಿಗೆಂದು ಕಾನೂನು ಮಾಡಿದ ಕಡ್ಡಾಯ ಸೇವೆ ಇಥಿಯೋಪಿಯಾದೊಡನೆ 1998ರಲ್ಲಿ ಶುರುವಾದ ಯುದ್ಧದ ನಂತರ ಕೊನೆಯೇ ಇಲ್ಲದ ಜೀತದಂತಾಯಿತು. ಅಲ್ಲಿಂದ ಅನುಮತಿ ಪಡೆದು ಹೊರಹೋಗುವ ದಾರಿ ಸಾಮಾನ್ಯ ಯುವಕನಿಗೆ ಇಲ್ಲವೇ ಇಲ್ಲ. ಇಥಿಯೋಪಿಯಾದ ಟಿಗ್ರೆಯಲ್ಲಿ 2020ರಿಂದ 2022ರವರೆಗೆ ಯುದ್ಧ, ಅದರ ಬೆನ್ನಿಗೇ ಬರ. 2024ರ ಜುಲೈನಲ್ಲಿ ಸರ್ಕಾರ ತನ್ನ ಹಣವಾದ ಬಿರ್‌ನ ಬೆಲೆಯನ್ನು ಮಾರುಕಟ್ಟೆಗೆ ಬಿಟ್ಟ ಮೇಲೆ ಡಾಲರ್ ಒಂದಕ್ಕೆ 57ರಷ್ಟಿದ್ದ ಬಿರ್ ಕೆಲವೇ ವಾರಗಳಲ್ಲಿ 100 ದಾಟಿತು. ಊರಿನಲ್ಲಿ ದಿನಗೂಲಿ ಮಾಡುವವನ ಕೈಗೆ ಬರುವ ಬಿರ್‌ಗೂ, ರಿಯಾಧ್‌ನಲ್ಲಿ ಕಾವಲು ಕಾಯುವ ಚಿಕ್ಕಪ್ಪ ಕಳುಹಿಸುವ ರಿಯಾಲ್‌ಗೂ ನಡುವಿನ ಅಂತರ ಹಿಗ್ಗಿದಷ್ಟೂ ದೆಲಾಲಾನ ಮಾತು ಸಿಹಿಯಾಗುತ್ತದೆ. ಇನ್ನೊಂದು ತುದಿಯಲ್ಲಿ ಸೌದಿ ಅರೇಬಿಯಾ. ಕುರಿ ಕಾಯಲು, ತೋಟ ನೋಡಲು, ಮನೆ ಗುಡಿಸಲು ಅಲ್ಲಿಗೆ ಕಡಿಮೆ ಕೂಲಿಯ ಕೈಗಳು ಬೇಕು. ಆ ಕೈಗಳು ಕಾಗದಪತ್ರವಿಲ್ಲದವಾದರೆ ಇನ್ನೂ ಅಗ್ಗ. ಬೇಡವೆನಿಸಿದಾಗ ಸಾರಾಸಗಟು ಹೊರಹಾಕಬಹುದು; 2013ರ ನವೆಂಬರ್‌ನಿಂದ ಕೆಲವೇ ತಿಂಗಳಲ್ಲಿ ಸುಮಾರು 1,60,000 ಇಥಿಯೋಪಿಯನ್ನರನ್ನು ಹಾಗೆಯೇ ಹೊರಗಟ್ಟಲಾಯಿತು. ಅವರಲ್ಲಿ ಎಷ್ಟೋ ಮಂದಿ ಮತ್ತೆ ಅದೇ ಓಬೊಕ್‌ನ ದಾರಿ ಹಿಡಿದರು. ಗಡಿಯಲ್ಲಿ ಏನು ನಡೆಯುತ್ತಿತ್ತೆಂಬುದನ್ನು ಹ್ಯೂಮನ್ ರೈಟ್ಸ್ ವಾಚ್ ಎಂಬ ಮಾನವ ಹಕ್ಕುಗಳ ಸಂಸ್ಥೆ 2023ರ ಆಗಸ್ಟ್‌ನಲ್ಲಿ ಹೊರಗೆಡವಿತು: 2022ರ ಮಾರ್ಚ್‌ನಿಂದ 2023ರ ಜೂನ್ ನಡುವೆ ಸೌದಿ ಗಡಿ ಕಾವಲಿನವರು ಯೆಮೆನ್ ಕಡೆಯಿಂದ ಬಂದ ನೂರಾರು ಇಥಿಯೋಪಿಯನ್ನರನ್ನು ಗುಂಡಿಟ್ಟು, ಶೆಲ್ ಹಾರಿಸಿ ಕೊಂದರು, ಸಿಕ್ಕಿಬಿದ್ದ ಕೆಲವರನ್ನು ಯಾವ ಅಂಗಕ್ಕೆ ಗುಂಡು ಹೊಡೆಯಲಿ ಎಂದು ಕೇಳಿ ಹೊಡೆದರು ಎಂದು ಆ ವರದಿ ಹೇಳುತ್ತದೆ. ಸೌದಿ ಸರ್ಕಾರ ಇದನ್ನು ನಿರಾಧಾರವೆಂದು ತಳ್ಳಿಹಾಕಿತು.

ಕಾನೂನಿನ ಬಾಗಿಲು ಮುಚ್ಚಿದಾಗ ಏನಾಗುತ್ತದೆ ಎಂಬುದಕ್ಕೆ ಇಥಿಯೋಪಿಯಾದ ಅನುಭವವೇ ಇದೆ. ಕೊಲ್ಲಿಯಲ್ಲಿ ತನ್ನ ಹೆಣ್ಣುಮಕ್ಕಳು ಪಡುವ ಪಾಡು ನೋಡಿ ಆ ಸರ್ಕಾರ 2013ರ ಅಕ್ಟೋಬರ್‌ನಲ್ಲಿ ಕೆಲಸಕ್ಕಾಗಿ ಅಲ್ಲಿಗೆ ಹೋಗುವುದನ್ನೇ ನಿಷೇಧಿಸಿತು. ಉದ್ದೇಶ ಒಳ್ಳೆಯದೇ. ಆದರೆ ಹೋಗುವವರು ನಿಲ್ಲಲಿಲ್ಲ. ವಿಮಾನ ಹತ್ತುತ್ತಿದ್ದವರು ದೋಣಿ ಹತ್ತಿದರು. 2018ರಲ್ಲಿ ನಿಷೇಧ ತೆಗೆದು, ಈಚೆಗೆ ಸರ್ಕಾರವೇ ಸೌದಿಗೆ ಮನೆಗೆಲಸದವರನ್ನು ಕಳುಹಿಸುವ ವ್ಯವಸ್ಥೆ ಮಾಡಿದೆ. ಅದು ಮುಖ್ಯವಾಗಿ ಮಹಿಳೆಯರಿಗೆ, ಅದೂ ದುಡಿಸಿಕೊಳ್ಳುವವನ ಮರ್ಜಿಗೆ ಕೆಲಸಗಾರನನ್ನು ಕಟ್ಟಿಹಾಕುವ ಕಫಾಲಾ ಪದ್ಧತಿಯೊಳಗೇ. ದೋಣಿ ಹತ್ತುವವರಲ್ಲಿ ಹೆಚ್ಚಿನವರು ಗಂಡಸರು, ಅವರಲ್ಲೂ ಬಹಳಷ್ಟು ಎಳೆಯರು. ಅವರಿಗೆ ಈ ಬಾಗಿಲು ಇನ್ನೂ ತೆರೆದಿಲ್ಲ. ಆಫ್ರಿಕಾದ ಕೊಂಬಿನ ದೇಶಗಳು ತಮ್ಮ ಐಗ್ಯಾಡ್ ಒಕ್ಕೂಟದ ಮೂಲಕ ಪರಸ್ಪರ ಮುಕ್ತ ಸಂಚಾರದ ಒಪ್ಪಂದವೊಂದನ್ನು ಸಿದ್ಧಪಡಿಸಿವೆ. ಅದು ಕಾಗದದಿಂದ ಗಡಿಠಾಣೆಗೆ ಇಳಿದರೆ ಕನಿಷ್ಠ ಅಸ್ಸಾಲ್‌ನ ಪಕ್ಕ ರಾತ್ರಿ ನಡೆಯುವವನು ಹಗಲಲ್ಲಿ ಬಸ್ಸಿನಲ್ಲಿ ಹೋಗಬಹುದು. ಬಾಯಾರಿಕೆಯ ಸಾವುಗಳಾದರೂ ಕಡಿಮೆಯಾದಾವು.

ಅಪಾಯದ ಅರಿವಿಲ್ಲದ ಮುಗ್ಧರು ಇವರು, ತಿಳಿಹೇಳಿದರೆ ನಿಲ್ಲುತ್ತಾರೆ ಎಂದು ನಂಬಿ ಹಳ್ಳಿಗಳಲ್ಲಿ ನಾಟಕ, ಭಿತ್ತಿಪತ್ರ, ರೇಡಿಯೊ ಕಾರ್ಯಕ್ರಮಗಳಿಗೆ ಸಾಕಷ್ಟು ಹಣ ಖರ್ಚಾಗಿದೆ. ನನಗೆ ಇದರಲ್ಲಿ ನಂಬಿಕೆ ಕಡಿಮೆ. ಓಬೊಕ್‌ನಲ್ಲಿ ಮರಳಿ ಬಂದವನ ಮುಖ ನೋಡಿಯೂ ದೋಣಿ ಹತ್ತುವವನಿಗೆ ಭಿತ್ತಿಪತ್ರ ಹೊಸದೇನನ್ನೂ ಹೇಳುವುದಿಲ್ಲ. ಅವನಿಗೆ ಸಾವು ಸಂಭವ ಎಂದು ಗೊತ್ತು. ಬರಿಗೈಯಲ್ಲಿ ಮರಳುವುದು ಅದಕ್ಕಿಂತ ಕಷ್ಟ ಎಂದೂ ಗೊತ್ತು. ಬಹುಶಃ ಆ ಕಾರಣಕ್ಕೇ, ಮರಳುವ ದೋಣಿಯಲ್ಲಿ ಸತ್ತವರ ಸುದ್ದಿ ನನ್ನನ್ನು ಹೆಚ್ಚು ಕಾಡುತ್ತದೆ. ಆ ಕಷ್ಟವನ್ನೂ ನುಂಗಿಕೊಂಡು ಊರಿಗೆ ಹೊರಟಿದ್ದವರು ಅವರು.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆ ಚಿಕ್ಕದು. ವಿದೇಶ ಪುಟದ ಎಂಟು ಸಾಲು ಎಂಟು ಸಾಲಾಗಿಯೇ ಇರಲಿ. ‘ಅಕ್ರಮ ವಲಸಿಗರು’ ಎಂಬಲ್ಲಿ ಅವರ ದೇಶದ ಹೆಸರು, ಸಾಧ್ಯವಾದರೆ ಸೀಮೆಯ ಹೆಸರು ಬರಲಿ. ದೋಣಿಯವರು ನೂಕಿದ್ದರೆ ನೂಕಿದರೆಂದೇ ಬರೆಯಲಿ, ಮುಳುಗಿತೆಂದು ಬೇಡ. ಮತ್ತು ಆ ದೋಣಿ ಆಫ್ರಿಕಾದ ದಂಡೆಯಿಂದ ಹೊರಟಿತ್ತೋ, ಯೆಮೆನ್‌ನ ದಂಡೆಯಿಂದಲೋ ಎಂಬುದನ್ನು ವಿಚಾರಿಸಿ ಒಂದು ಸಾಲಿನಲ್ಲಿ ಸೇರಿಸುವಂತೆ ತಮ್ಮ ಸುದ್ದಿ ವಿಭಾಗಕ್ಕೆ ದಯವಿಟ್ಟು ತಿಳಿಸಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ